ಭಾಷಣಕ್ಕೆ ಮುಂಚೆ ಲೆಕ್ಕ: ಸಂಬಳಕ್ಕಾಗಿ, ಕೆಲಸದ ಭದ್ರತೆಗಾಗಿ ಯೂನಿಯನ್ ಹೋರಾಟ ಕಟ್ಟುವ ಬಗೆ

ನಾನು ಮೊದಲ ಸಲ ಯೂನಿಯನ್ ಸಮಿತಿಗೆ ಸೇರಿದಾಗ ನಮ್ಮಲ್ಲಿ ಹುರುಪು ಜಾಸ್ತಿ ಇತ್ತು, ಲೆಕ್ಕ ಕಮ್ಮಿ ಇತ್ತು. ಗೇಟ್ ಮುಂದೆ ಸಭೆ ಮಾಡಿದೆವು. 300 ಜನ ಸೇರಿದರು, ಘೋಷಣೆ ಕೂಗಿದರು, ಚಪ್ಪಾಳೆ ತಟ್ಟಿದರು. ಮರುವಾರವೇ ಮುಷ್ಕರಕ್ಕೆ ಕರೆ ಕೊಟ್ಟುಬಿಟ್ಟೆವು. ಮೊದಲ ದಿನ ಹೊರಗೆ ನಿಂತವರು 80 ಜನ. ಮೂರನೇ ದಿನ 26. ಉಳಿದವರು ತಲೆ ತಗ್ಗಿಸಿಕೊಂಡು ನಮ್ಮ ಪಕ್ಕದಲ್ಲೇ ಹಾದು ಒಳಗೆ ಹೋದರು. ಆಗ ಅವರ ಮೇಲೆ ಸಿಟ್ಟು ಬಂದಿತ್ತು. ತಪ್ಪು ನಮ್ಮದಾಗಿತ್ತು. ಚಪ್ಪಾಳೆಯನ್ನೇ ಒಪ್ಪಿಗೆ ಅಂದುಕೊಂಡಿದ್ದೆವು. ಅವರ ಹತ್ತಿರ ಕೂತು, 'ಕೆಲಸ ನಿಲ್ಲಿಸಿದರೆ ನೀವು ಬರ್ತೀರಾ, ಮನೆ ಹೇಗೆ ನಡೆಸ್ತೀರಾ?' ಅಂತ ಯಾರೂ ಕೇಳಿರಲಿಲ್ಲ.

ಈ ಬರಹ ಅದೇ ತಪ್ಪನ್ನು ನೀವು ಮಾಡದಿರಲಿ ಅಂತ. ಕಾರ್ಖಾನೆ, ಆಸ್ಪತ್ರೆ, ಗೋದಾಮು, ಕಚೇರಿ, ಶಾಲೆ, ಎಲ್ಲೇ ಇರಲಿ, ಕೆಲಸದ ಕ್ರಮ ಹೆಚ್ಚುಕಮ್ಮಿ ಒಂದೇ.

1. ಮೊದಲು ಹೆಸರುಗಳ ಪಟ್ಟಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಹೆಸರನ್ನೂ ಬರೆಯಿರಿ. 'ಸುಮಾರು ಇನ್ನೂರು ಜನ' ಅನ್ನುವುದು ಪಟ್ಟಿ ಅಲ್ಲ. ಹೆಸರಿನ ಮುಂದೆ ವಿಭಾಗ, ಶಿಫ್ಟ್, ಎಷ್ಟು ವರ್ಷದಿಂದ ಇದ್ದಾರೆ, ಕಾಯಂ ನೌಕರರೋ ಗುತ್ತಿಗೆಯವರೋ ದಿನಗೂಲಿಯವರೋ ಅನ್ನುವುದನ್ನು ಬರೆಯಿರಿ. ಗುತ್ತಿಗೆಯಾದರೆ ಯಾವ ಗುತ್ತಿಗೆದಾರನ ಮೂಲಕ ಬಂದವರು ಅನ್ನುವುದೂ ಇರಲಿ.

ಬರೆಯುತ್ತಾ ಹೋದ ಹಾಗೆ ತೂತುಗಳು ಕಾಣುತ್ತವೆ. ರಾತ್ರಿ ಶಿಫ್ಟಿನ ಅರ್ಧ ಜನರ ಹೆಸರು ಗೊತ್ತಿರುವುದಿಲ್ಲ. ಕ್ಲೀನಿಂಗ್‌ನವರು, ಸೆಕ್ಯೂರಿಟಿಯವರು, ಕ್ಯಾಂಟೀನಿನವರು ನೆನಪಿಗೇ ಬಂದಿರುವುದಿಲ್ಲ. ಆ ತೂತುಗಳೇ ನಿಮ್ಮ ಮೊದಲ ತಿಂಗಳ ಕೆಲಸ.

ಆಮೇಲೆ ಪ್ರತಿ ಹೆಸರಿಗೂ 1ರಿಂದ 5ರವರೆಗೆ ಒಂದು ಅಂಕಿ ಕೊಡಿ. 1 ಅಂದರೆ ಜೊತೆಗೆ ನಿಂತು ಇನ್ನೊಬ್ಬರನ್ನೂ ಕರೆತರುವವರು. 2 ಅಂದರೆ ಬೆಂಬಲ ಇದೆ, ತಾವಾಗಿ ಮುಂದೆ ಬರುವುದಿಲ್ಲ. 3 ಅಂದರೆ ಇನ್ನೂ ತೀರ್ಮಾನಿಸಿಲ್ಲ. 4 ಅಂದರೆ ವಿರೋಧ. 5 ಅಂದರೆ ನಮ್ಮ ಮಾತನ್ನು ನೇರ ಮ್ಯಾನೇಜರ್ ಕಿವಿಗೆ ಹಾಕುವವರು. ನೀವಿನ್ನೂ ಕೂತು ಮಾತಾಡಿಸದೆ ಇರುವವರಿಗೆ ಈ ಅಂಕಿ ಕೊಡಲೇಬೇಡಿ, ಸೊನ್ನೆ ಹಾಕಿ. 'ಅವನು ನಮ್ಮವನೇ ಬಿಡಿ' ಅನ್ನುವ ಊಹೆಗೆ 1 ಕೊಟ್ಟರೆ ನಮ್ಮ ಮೂರನೇ ದಿನದ ಗತಿ ನಿಮಗೂ ಬರುತ್ತದೆ.

ಇದರಲ್ಲೇ ಇನ್ನೊಂದು ಹುಡುಕಾಟ ಇದೆ. ಯಂತ್ರ ಕೆಟ್ಟಾಗ, ರಜೆ ಸಿಗದಾಗ, ಸೂಪರ್‌ವೈಸರ್ ಬೈದಾಗ ಜನ ಯಾರ ಹತ್ತಿರ ಹೋಗಿ ಹೇಳಿಕೊಳ್ಳುತ್ತಾರೆ? ಅವರೇ ಆ ವಿಭಾಗದ ನಿಜವಾದ ಮುಂದಾಳು. ಸಾಮಾನ್ಯವಾಗಿ ಅವರು ಜೋರು ದನಿಯವರಲ್ಲ. ಯೂನಿಯನ್ ಬಗ್ಗೆ ಅವರಿಗೆ ಅನುಮಾನವೂ ಇರಬಹುದು. ಜೋರಾಗಿ ಮಾತಾಡುವ ಹತ್ತು ಜನ ಸಿಗುವುದು ಸುಲಭ. ಅಂಥ ಒಬ್ಬರನ್ನು ಒಪ್ಪಿಸುವುದು ಕಷ್ಟ, ಆದರೆ ಅವರ ಹಿಂದೆ ಇಡೀ ವಿಭಾಗ ಬರುತ್ತದೆ. ಹತ್ತು ಜನರಿಗೆ ಒಬ್ಬರಂತೆ ಇಂಥವರು ಸಮಿತಿಯಲ್ಲಿದ್ದರೆ ಸಾಕು. ಸಮಿತಿಯಲ್ಲಿ ಗುತ್ತಿಗೆಯವರು, ಹೆಂಗಸರು, ಎಲ್ಲ ಶಿಫ್ಟಿನವರು ಇದ್ದಾರಾ ನೋಡಿಕೊಳ್ಳಿ.

ಪಟ್ಟಿಯನ್ನು ಕಂಪನಿಯ ಕಂಪ್ಯೂಟರಿನಲ್ಲಾಗಲಿ, ಕಂಪನಿ ಕೊಟ್ಟ ಫೋನಿನಲ್ಲಾಗಲಿ ಇಡಬೇಡಿ. ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಇಬ್ಬರ ಹತ್ತಿರ ಮಾತ್ರ ಇರಲಿ.

2. ಒಬ್ಬೊಬ್ಬರ ಜೊತೆ ಕೂತು ಮಾತು

ಇಡೀ ಹೋರಾಟದಲ್ಲಿ ಬಹಳ ಸಮಯ ತಿನ್ನುವ ಕೆಲಸ ಇದು. ಇದನ್ನು ಬಿಟ್ಟು ಸೀದಾ ಕರಪತ್ರ ಹಂಚಲು ಹೋಗುವವರೇ ಜಾಸ್ತಿ. ಕರಪತ್ರ ಪ್ರಶ್ನೆ ಕೇಳುವುದಿಲ್ಲ, ಉತ್ತರವನ್ನೂ ಕೇಳಿಸಿಕೊಳ್ಳುವುದಿಲ್ಲ.

ಮಾತು ಕೆಲಸದ ಜಾಗದಿಂದ ಹೊರಗಿರಲಿ. ಮನೆಯಲ್ಲೋ, ಬಸ್ಸಿಗೆ ನಡೆದು ಹೋಗುವಾಗಲೋ. ಮುಕ್ಕಾಲು ಪಾಲು ನೀವು ಕೇಳಿಸಿಕೊಳ್ಳಬೇಕು. ಶುರು ಮಾಡಲು ಒಂದೇ ಪ್ರಶ್ನೆ ಸಾಕು: 'ಅಕ್ಕಾ, ಇಲ್ಲಿ ಒಂದೇ ಒಂದು ವಿಷಯ ಬದಲಾಯಿಸಬಹುದು ಅಂದ್ರೆ ನೀವು ಯಾವುದನ್ನ ಬದಲಾಯಿಸ್ತೀರಿ?' ಸಂಬಳ ಅಂತಲೇ ಹೇಳುತ್ತಾರೆ ಅಂದುಕೊಳ್ಳಬೇಡಿ. ಒಬ್ಬರು ಶಿಫ್ಟ್ ಪಟ್ಟಿ ಹಿಂದಿನ ರಾತ್ರಿ ಬರುತ್ತದೆ ಅನ್ನುತ್ತಾರೆ. ಇನ್ನೊಬ್ಬರು ಆರು ವರ್ಷವಾದರೂ ನಾನಿನ್ನೂ 'ತಾತ್ಕಾಲಿಕ' ಅನ್ನುತ್ತಾರೆ. ಅವರ ಮಾತನ್ನು ಅವರ ಪದಗಳಲ್ಲೇ ಆಮೇಲೆ ಬರೆದಿಟ್ಟುಕೊಳ್ಳಿ. ಮುಂದೆ ಬೇಡಿಕೆ ಬರೆಯುವಾಗ ಬೇಕಾಗುತ್ತದೆ.

ಅವರು ಹೇಳಿದ ಮೇಲೆ ಕೇಳಿ: 'ಇದು ಯಾಕೆ ಸರಿಹೋಗಿಲ್ಲ? ಸರಿಮಾಡೋ ಅಧಿಕಾರ ಯಾರಿಗಿದೆ? ನೀವೊಬ್ಬರೇ ಹೋಗಿ ಕೇಳಿದರೆ ಏನಾಗುತ್ತೆ?' ಒಬ್ಬರೇ ಹೋದರೆ ಏನಾಗುತ್ತದೆ ಅನ್ನುವುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ನೀವು ಭಾಷಣ ಮಾಡಬೇಕಾಗಿಲ್ಲ.

ಭಯದ ವಿಷಯ ಬಂದಾಗ 'ಏನೂ ಆಗಲ್ಲ ಬಿಡಿ' ಅನ್ನಬೇಡಿ. ಅದು ಸುಳ್ಳು, ಅವರಿಗೂ ಗೊತ್ತು. ಮ್ಯಾನೇಜ್‌ಮೆಂಟ್ ಏನೇನು ಮಾಡಬಹುದು ಅನ್ನುವುದನ್ನು ನೀವೇ ಮೊದಲು ಹೇಳಿಬಿಡಿ. ಒಬ್ಬೊಬ್ಬರನ್ನೇ ಕ್ಯಾಬಿನ್‌ಗೆ ಕರೆಯುತ್ತಾರೆ. ನಾವೆಲ್ಲ ಒಂದೇ ಕುಟುಂಬ ಅನ್ನುತ್ತಾರೆ. ಕಂಪನಿ ಮುಚ್ಚಬೇಕಾಗುತ್ತೆ ಅನ್ನುತ್ತಾರೆ. ಒಂದಿಬ್ಬರಿಗೆ ಇದ್ದಕ್ಕಿದ್ದಂತೆ ಬಡ್ತಿ ಸಿಗುತ್ತದೆ. ಮೊದಲೇ ಕೇಳಿಸಿಕೊಂಡವರು ಆ ಮಾತು ನಿಜವಾಗಿ ಬಂದಾಗ ನಗುತ್ತಾರೆ. ಕೇಳಿಸಿಕೊಳ್ಳದವರು ಹೆದರುತ್ತಾರೆ.

ಮಾತು ಮುಗಿಸುವ ಮುಂಚೆ ಒಂದು ಸಣ್ಣ ಕೆಲಸ ಕೇಳಿ. ಸಂಬಳದ ಚೀಟಿಯ ನಕಲು ಕೊಡುತ್ತೀರಾ? ನಿಮ್ಮ ಲೈನಿನ ಇಬ್ಬರನ್ನು ಪರಿಚಯ ಮಾಡಿಸುತ್ತೀರಾ? ಕೇಳಿ ಸುಮ್ಮನಾಗಿ. ಆ ಮೌನ ತಡೆಯಲಾರದೆ ನಾವೇ 'ಪರವಾಗಿಲ್ಲ, ಆಮೇಲೆ ನೋಡೋಣ' ಅಂದುಬಿಡುತ್ತೇವೆ. ನಾನೂ ಎಷ್ಟೋ ಸಲ ಅಂದಿದ್ದೇನೆ. ಆ ಸಣ್ಣ ಕೆಲಸ ಮಾಡಿದವರಿಗೆ ಮಾತ್ರ 1 ಅಥವಾ 2 ಕೊಡಿ.

3. ಕಾನೂನು: ಬಾಗಿಲು ಎಲ್ಲಿದೆ ನೋಡಿಕೊಳ್ಳಿ

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದರೆ ಐಎಲ್‌ಒ, 1919ರಲ್ಲಿ ಹುಟ್ಟಿತು. ಸಂಘ ಕಟ್ಟುವ ಹಕ್ಕಿನ ಬಗ್ಗೆ ಅದರ 87ನೇ ಒಡಂಬಡಿಕೆ 1948ರದು. ಒಟ್ಟಾಗಿ ಚೌಕಾಸಿ ಮಾಡುವ ಹಕ್ಕಿನ ಬಗ್ಗೆ 98ನೇ ಒಡಂಬಡಿಕೆ 1949ರದು. ಆದರೆ ಎಲ್ಲ ದೇಶಗಳೂ ಇವನ್ನು ಅನುಮೋದಿಸಿಲ್ಲ. ಅನುಮೋದಿಸಿದ ಕಡೆಯೂ ನಿಮಗೆ ಉಪಯೋಗಕ್ಕೆ ಬರುವುದು ನಿಮ್ಮ ನೆಲದ ಕಾನೂನು. ಅದರಲ್ಲಿ ಐದು ವಿಷಯ ಪತ್ತೆ ಮಾಡಿ: ಸಂಘ ನೋಂದಣಿಗೆ ಎಷ್ಟು ಜನ ಬೇಕು, ಮಾಲೀಕರು ಯಾವಾಗ ಮಾನ್ಯತೆ ಕೊಡಲೇಬೇಕು, ಪದಾಧಿಕಾರಿಗಳಿಗೆ ಯಾವ ರಕ್ಷಣೆ ಇದೆ, ಮುಷ್ಕರಕ್ಕೆ ಎಷ್ಟು ದಿನದ ನೋಟಿಸ್ ಅಥವಾ ಯಾವ ಥರದ ಮತದಾನ ಬೇಕು, ಗುತ್ತಿಗೆಯವರು ಇದೇ ಸಂಘಕ್ಕೆ ಸೇರಬಹುದಾ.

ಕಾರ್ಮಿಕರ ಪರ ಕೆಲಸ ಮಾಡುವ ಒಬ್ಬ ವಕೀಲರನ್ನೋ, ಪಕ್ಕದ ಹಳೆಯ ಯೂನಿಯನ್‌ನವರನ್ನೋ ಒಂದು ಸಂಜೆ ಕೂರಿಸಿಕೊಂಡು ಕೇಳಿ. ಇದಕ್ಕಿಂತ ಜಾಸ್ತಿ ಸಮಯ ಇಲ್ಲಿ ಕಳೆಯಬೇಡಿ. ಕಾನೂನು ಪುಸ್ತಕ ಓದುತ್ತಾ ಒಂದು ವರ್ಷ ದೂಡಿದ ಸಮಿತಿಗಳನ್ನು ನೋಡಿದ್ದೇನೆ.

4. ಸಂಬಳದ ಲೆಕ್ಕ

ಹತ್ತಿಪ್ಪತ್ತು ಸಂಬಳದ ಚೀಟಿ ಸೇರಿದ ಮೇಲೆ ಕೂತು ಮೂರು ಲೆಕ್ಕ ಮಾಡಿ.

ಮೊದಲನೆಯದು ಬೆಲೆಯೇರಿಕೆಯದು. ಮೂರು ವರ್ಷದ ಹಿಂದೆ ಸಂಬಳ 100 ಇತ್ತು ಅಂದುಕೊಳ್ಳಿ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಆಗ 100ಕ್ಕೆ ಬರುತ್ತಿದ್ದ ಸಾಮಾನಿಗೆ ಈಗ ಸುಮಾರು 119 ಬೇಕು. ಸಂಬಳ ಒಟ್ಟು ಶೇ 15 ಏರಿ 115 ಆಗಿದೆ. ಚೀಟಿಯಲ್ಲಿ ಏರಿಕೆ ಕಾಣುತ್ತದೆ, ಕೊಳ್ಳುವ ಶಕ್ತಿ ಮಾತ್ರ ಶೇ 3ಕ್ಕಿಂತ ಜಾಸ್ತಿ ಇಳಿದಿದೆ. 'ಪ್ರತಿ ವರ್ಷ ಏರಿಸ್ತಾನೇ ಇದ್ದೀವಲ್ಲ' ಅನ್ನುವ ಮ್ಯಾನೇಜರ್‌ಗೆ ಈ ಒಂದು ಲೆಕ್ಕ ಸಾಕು. ಬೆಲೆ ಸೂಚ್ಯಂಕದ ಅಂಕಿಗಳನ್ನು ಸರ್ಕಾರದ ಪ್ರಕಟಣೆಯಿಂದಲೇ ತೆಗೆದುಕೊಳ್ಳಿ.

ಎರಡನೆಯದು ಹಂಚಿಕೆಯದು. ಒಬ್ಬರ ಸಂಬಳ 100, ಇನ್ನೊಬ್ಬರದು 300. ಇಬ್ಬರಿಗೂ ಶೇ 10 ಏರಿಸಿದರೆ 10 ಮತ್ತು 30, ಮಾಲೀಕರಿಗೆ ಒಟ್ಟು ಖರ್ಚು 40. ಇಬ್ಬರಿಗೂ 20ರಂತೆ ಸಮವಾಗಿ ಏರಿಸಿದರೂ ಖರ್ಚು ಅದೇ 40. ಆದರೆ ಮೊದಲನೆಯ ಲೆಕ್ಕದಲ್ಲಿ ಇಬ್ಬರ ನಡುವಿನ ಅಂತರ 200ರಿಂದ 220 ಆಗುತ್ತದೆ, ಎರಡನೆಯದರಲ್ಲಿ 200ರಲ್ಲೇ ನಿಲ್ಲುತ್ತದೆ. ಕೆಳಗಿನ ದರ್ಜೆಯವರು ಜಾಸ್ತಿ ಇರುವ ಕಡೆ ಸಮ ಏರಿಕೆಗೇ ನನ್ನ ಓಟು. ಹಳಬರು ಗೊಣಗುತ್ತಾರೆ. ಅವರಿಗೆ ಸೇವಾವಧಿಯ ಮೇಲೆ ಬೇರೆ ಏನಾದರೂ ಕೇಳಬಹುದು. ಈ ಜಗಳ ಸಂಘದ ಒಳಗೇ ಮುಗಿಯಬೇಕು, ಮಾತುಕತೆಯ ಮೇಜಿನ ಮುಂದೆ ಅಲ್ಲ.

ಮೂರನೆಯದು ಕಡಿತಗಳದು. ದಂಡ, ತಡವಾಗಿ ಬಂದಿದ್ದಕ್ಕೆ ಅರ್ಧ ದಿನ, ಸಮವಸ್ತ್ರದ ಹಣ, ಬರೆಯದೆ ಬಿಟ್ಟ ಓವರ್‌ಟೈಮ್. ಲಂಡನ್ನಿನ ಬ್ರ್ಯಾಂಟ್ ಅಂಡ್ ಮೇ ಬೆಂಕಿಕಡ್ಡಿ ಕಾರ್ಖಾನೆಯಲ್ಲಿ 1888ರ ಜುಲೈನಲ್ಲಿ ಸುಮಾರು 1,400 ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಹೊರಬಂದರು. ಅವರ ದೊಡ್ಡ ದೂರುಗಳಲ್ಲಿ ಒಂದು ಇಂಥ ದಂಡಗಳೇ. ಮುಂದೆ ಭಾರತಕ್ಕೆ ಬಂದ ಆನಿ ಬೆಸೆಂಟ್ ಅವರ ಪರವಾಗಿ ಪತ್ರಿಕೆಯಲ್ಲಿ ಬರೆದಿದ್ದರು. ಅದೇ ತಿಂಗಳು ದಂಡ ರದ್ದಾಯಿತು. ಸಂಬಳ ಏರಿಸುವುದಕ್ಕಿಂತ ಕಡಿತ ನಿಲ್ಲಿಸುವುದು ಬೇಗ ಗೆಲ್ಲುವ ಬೇಡಿಕೆ. ಮೊದಲ ಗೆಲುವಿಗೆ ಇಂಥದ್ದನ್ನೇ ಆರಿಸಿಕೊಳ್ಳಿ.

ಲೆಕ್ಕ ಹಾಕಿ ಕೇಳುವುದಕ್ಕೆ ಅಹಮದಾಬಾದಿನ 1918ರ ಗಿರಣಿ ಹೋರಾಟ ಒಳ್ಳೆಯ ಉದಾಹರಣೆ. ಪ್ಲೇಗಿನ ಕಾಲದಲ್ಲಿ ಕಾರ್ಮಿಕರು ಊರು ಬಿಟ್ಟು ಹೋಗದಿರಲಿ ಅಂತ ಕೊಡುತ್ತಿದ್ದ ಪ್ಲೇಗ್ ಬೋನಸ್ ನಿಂತಿತ್ತು, ಬೆಲೆ ಏರಿತ್ತು. ಕಾರ್ಮಿಕರು ಶೇ 50 ಏರಿಕೆ ಅನ್ನುತ್ತಿದ್ದರು, ಮಾಲೀಕರು ಶೇ 20 ಅನ್ನುತ್ತಿದ್ದರು. ಗಾಂಧಿ ಮತ್ತು ಕಾರ್ಮಿಕರ ಪರ ನಿಂತಿದ್ದ ಅನಸೂಯಾ ಸಾರಾಭಾಯ್ ಕಡೆಯವರು ಜೀವನವೆಚ್ಚ, ಬೇರೆ ಕಡೆಯ ಕೂಲಿ ಎಲ್ಲ ನೋಡಿ ಶೇ 35 ಅಂತ ಗೊತ್ತು ಮಾಡಿದರು. ಅದರಿಂದ ಕದಲಲಿಲ್ಲ. ಕೊನೆಗೆ ಮಧ್ಯಸ್ಥಿಕೆಗೆ ಹೋದಾಗ ಮಧ್ಯಸ್ಥರು ಕೊಟ್ಟ ತೀರ್ಪೂ ಶೇ 35. ಅನಸೂಯಾ ಅವರ ತಮ್ಮ ಅಂಬಾಲಾಲ್ ಎದುರು ಪಕ್ಷದ ಗಿರಣಿ ಮಾಲೀಕರಲ್ಲಿ ಒಬ್ಬರು ಅನ್ನುವುದು ಈ ಕಥೆಯ ಇನ್ನೊಂದು ಸ್ವಾರಸ್ಯ.

5. ಭದ್ರತೆ ಇಲ್ಲದ ಸಂಬಳ ನಿಲ್ಲುವುದಿಲ್ಲ

ಕಾಯಂ ನೌಕರರಿಗೆ ಮಾತ್ರ ಸಂಬಳ ಏರಿಸಿಕೊಂಡ ಸಂಘಗಳು ಹತ್ತು ವರ್ಷದಲ್ಲಿ ಸಣ್ಣಗಾಗುತ್ತವೆ. ಕಾಯಂನವರು ನಿವೃತ್ತರಾದಾಗ ಆ ಜಾಗಕ್ಕೆ ಗುತ್ತಿಗೆಯವರು ಬರುತ್ತಾರೆ. ಏರಿಸಿದ ಸಂಬಳವೇ ಮಾಲೀಕರಿಗೆ ಹಾಗೆ ಮಾಡಲು ನೆಪ ಆಗುತ್ತದೆ. ಆದ್ದರಿಂದ ಎರಡೂ ಬೇಡಿಕೆ ಒಟ್ಟಿಗೇ ಹೋಗಬೇಕು.

1889ರ ಆಗಸ್ಟ್‌ನಲ್ಲಿ ಶುರುವಾದ ಲಂಡನ್ ಬಂದರಿನ ಮುಷ್ಕರದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ಬೆಳಿಗ್ಗೆ ಗೇಟಿನ ಹತ್ತಿರ ನಿಂತು, ಕರೆದರೆ ಒಳಗೆ ಹೋಗುವ ದಿನಗೂಲಿಗಳು. ಒಮ್ಮೊಮ್ಮೆ ಒಂದೆರಡು ಗಂಟೆ ಕೆಲಸ ಕೊಟ್ಟು ಕಳಿಸಿಬಿಡುತ್ತಿದ್ದರು. ಅವರು ಗಂಟೆಗೆ 5 ಪೆನ್ಸ್ ಬದಲು 6 ಪೆನ್ಸ್ ಕೊಡಿ ಅಂದರು. ಅದರ ಜೊತೆಗೇ ಕರೆದ ಮೇಲೆ ಕನಿಷ್ಠ ನಾಲ್ಕು ಗಂಟೆ ಕೆಲಸ ಕೊಡಲೇಬೇಕು ಅಂದರು. ಆ ಎರಡನೇ ಬೇಡಿಕೆ ಇಲ್ಲದೆ ಮೊದಲನೆಯದಕ್ಕೆ ಏನು ಬೆಲೆ? ಇವತ್ತು ಆ್ಯಪ್ ಆನ್ ಮಾಡಿ ಆರ್ಡರ್‌ಗೆ ಕಾಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭದ್ರತೆಯ ಬೇಡಿಕೆಯನ್ನು 'ಕೆಲಸದ ಭದ್ರತೆ ಕೊಡಿ' ಅಂತ ಬರೆದರೆ ಗಾಳಿಯಲ್ಲಿ ಹೋಗುತ್ತದೆ. ಹಿಡಿದು ಕೇಳಲು ಬರುವ ಹಾಗೆ ಬರೆಯಿರಿ. ಇಂಥ ಕೆಲಸದಲ್ಲಿ ಇಷ್ಟು ತಿಂಗಳು ಸತತವಾಗಿ ದುಡಿದವರನ್ನು ಕಾಯಂ ಮಾಡಬೇಕು, ಸೇವಾ ಹಿರಿತನದ ಪಟ್ಟಿ ನೋಟಿಸ್ ಬೋರ್ಡಿನಲ್ಲಿ ಇರಬೇಕು. ಗುತ್ತಿಗೆದಾರ ಬದಲಾದರೂ ಅದೇ ಕೆಲಸಗಾರರು ಅದೇ ಸೇವಾವಧಿಯಿಂದ ಮುಂದುವರಿಯಬೇಕು. ಶಿಫ್ಟ್ ಪಟ್ಟಿ ಎರಡು ವಾರ ಮುಂಚೆ ಬರಬೇಕು. ಕೆಲಸದಿಂದ ತೆಗೆಯುವ ಮುಂಚೆ ಲಿಖಿತ ಕಾರಣ ಕೊಡಬೇಕು, ವಿಚಾರಣೆಯಲ್ಲಿ ಸಂಘದ ಪ್ರತಿನಿಧಿ ಕೂರಬೇಕು. ಐಎಲ್‌ಒದ 1982ರ 158ನೇ ಒಡಂಬಡಿಕೆಯೂ ಇದನ್ನೇ ಹೇಳುತ್ತದೆ: ಸರಿಯಾದ ಕಾರಣ ಇಲ್ಲದೆ, ಉತ್ತರ ಹೇಳುವ ಅವಕಾಶ ಕೊಡದೆ ತೆಗೆಯಬಾರದು.

6. ಬೇಡಿಕೆ ಪಟ್ಟಿ

ಮೂವತ್ತು ಬೇಡಿಕೆ ಬರೆಯಬೇಡಿ. ನಾಲ್ಕೈದು ಸಾಕು. ಕ್ಯಾಂಟೀನಿನ ಊಟದಿಂದ ಹಿಡಿದು ಪೆನ್ಷನ್ ತನಕ ಎಲ್ಲ ಸೇರಿಸಿದರೆ ಮ್ಯಾನೇಜ್‌ಮೆಂಟ್ ಊಟದ ತಟ್ಟೆ ಬದಲಾಯಿಸಿ 'ಮೂರು ಒಪ್ಪಿದ್ದೀವಿ ನೋಡಿ' ಅನ್ನುತ್ತದೆ. ಪ್ರತಿ ಬೇಡಿಕೆಗೂ ಮೂರು ಪ್ರಶ್ನೆ ಹಾಕಿ: ಜಾಸ್ತಿ ಜನಕ್ಕೆ ಸೇರುತ್ತಾ? ಒಂದೇ ವಾಕ್ಯದಲ್ಲಿ ಹೇಳಬಹುದಾ? ಗೆದ್ದಿದ್ದೇವಾ ಸೋತಿದ್ದೇವಾ ಅಂತ ಆಮೇಲೆ ಅಳೆಯಬಹುದಾ? ಕರಡನ್ನು ಎಲ್ಲ ವಿಭಾಗಗಳಿಗೂ ಒಯ್ದು ಓದಿ ಹೇಳಿ, ತಿದ್ದಿ, ಸಾಮಾನ್ಯ ಸಭೆಯಲ್ಲಿ ಕೈ ಎತ್ತಿಸಿ ಒಪ್ಪಿಸಿಕೊಳ್ಳಿ.

7. ಸಣ್ಣ ಸಣ್ಣ ಪರೀಕ್ಷೆಗಳು

ಈಗ ನೋಟ್‌ಬುಕ್ಕಿನ ಅಂಕಿಗಳು ನಿಜವಾ ಅಂತ ನೋಡುವ ಹೊತ್ತು. ಮೊದಲ ಪರೀಕ್ಷೆ ಬೇಡಿಕೆ ಪಟ್ಟಿಯ ಮೇಲೆ ಸಹಿ. ಎಲ್ಲರ ಹೆಸರೂ ಒಂದೇ ಹಾಳೆಯಲ್ಲಿ ಕಾಣುವ ಹಾಗೆ, ವೃತ್ತದ ಆಕಾರದಲ್ಲಿ ಬರೆಸಿ. ಆಗ ಮೊದಲ ಹೆಸರು ಯಾರದು ಅಂತ ಯಾರನ್ನೂ ಗುರಿ ಮಾಡಲಾಗದು. 200 ಜನರಲ್ಲಿ 60 ಸಹಿ ಬಂದರೆ ಆ ಹಾಳೆಯನ್ನು ಮ್ಯಾನೇಜರ್‌ಗೆ ಕೊಡಬೇಡಿ. ಎರಡನೇ ಹಂತಕ್ಕೆ ವಾಪಸ್ ಹೋಗಿ. 130, 140 ಬಂದ ಮೇಲೆ ಕೊಡಿ.

ಎರಡನೇ ಪರೀಕ್ಷೆ ಒಂದು ಬ್ಯಾಡ್ಜ್ ಅಥವಾ ತೋಳಿಗೆ ಕಪ್ಪು ಬಟ್ಟೆಯ ಪಟ್ಟಿ. ಎಲ್ಲರೂ ಒಂದೇ ದಿನ ಧರಿಸಿ ಕೆಲಸಕ್ಕೆ ಹೋಗುವುದು. ನೋಡಲು ಮಕ್ಕಳಾಟ. ಆದರೆ ಸೂಪರ್‌ವೈಸರ್ 'ತೆಗಿ' ಅಂದಾಗ ಎಷ್ಟು ಜನ ತೆಗೆಯಲಿಲ್ಲ ಅನ್ನುವುದು ನಿಮಗೆ ಬೇಕಾದ ಅಂಕಿ. ಮೂರನೆಯದು ನಿಯೋಗ. ಇಬ್ಬರು ಪದಾಧಿಕಾರಿಗಳಲ್ಲ, 20, 30 ಜನ ಊಟದ ಬಿಡುವಿನಲ್ಲಿ ಒಟ್ಟಿಗೆ ಹೋಗಿ ಮನವಿ ಕೊಡುವುದು. ಯಾರು ಮಾತಾಡುತ್ತಾರೆ, ಯಾರು ಬರೆದುಕೊಳ್ಳುತ್ತಾರೆ ಅಂತ ಹಿಂದಿನ ದಿನವೇ ಅಭ್ಯಾಸ ಮಾಡಿ.

ಪ್ರತಿ ಪರೀಕ್ಷೆ ಆದ ಸಂಜೆಯೇ ಪಟ್ಟಿ ತೆಗೆದು ಹೆಸರಿಗೆ ಹೆಸರು ಗುರುತು ಹಾಕಿ. ಯಾವ ವಿಭಾಗ ಹಿಂದೆ ಬಿತ್ತು? ಅಲ್ಲಿನ ನಿಜವಾದ ಮುಂದಾಳು ಯಾರು? ನಾವು ಬೇರೆ ಯಾರನ್ನೋ ಹಿಡಿದುಕೊಂಡಿದ್ದೇವಾ?

ಹೊರಗಿನವರ ಬೆಂಬಲವನ್ನು ಈ ಹೊತ್ತಿಗೆ ಜೋಡಿಸಿ: ಮನೆಯವರು, ಪಕ್ಕದ ಯೂನಿಯನ್‌ಗಳು, ನಿಮ್ಮ ಸೇವೆ ಬಳಸುವ ಜನ. ಆಸ್ಪತ್ರೆಯಾದರೆ ರೋಗಿಗಳು, ಶಾಲೆಯಾದರೆ ಪೋಷಕರು. ಪತ್ರಕರ್ತರಿಗೆ ಒಂದು ಪುಟದ ಟಿಪ್ಪಣಿ ಸಾಕು. ಅದರಲ್ಲಿ ಒಂದೂ ತಪ್ಪು ಅಂಕಿ ಇರಬಾರದು.

8. ಮಾತುಕತೆ

ಒಬ್ಬರೇ ಹೋಗಬೇಡಿ. ಅಧ್ಯಕ್ಷರೂ ಒಬ್ಬರೇ ಹೋಗಬಾರದು, ಕಾಫಿಗೆ ಕರೆದರೂ ಹೋಗಬಾರದು. ಒಳ್ಳೆಯ ಮನುಷ್ಯನ ಮೇಲೂ ಆ ಕಾಫಿಯಿಂದ ಅನುಮಾನ ಹುಟ್ಟುತ್ತದೆ. ಐದಾರು ಜನರ ತಂಡ ಇರಲಿ. ಒಬ್ಬರು ಮಾತು, ಒಬ್ಬರು ಟಿಪ್ಪಣಿ, ಒಬ್ಬರು ಅಂಕಿ. ಎದುರಿನವರು ಹೊಸ ಪ್ರಸ್ತಾಪ ಇಟ್ಟಾಗ ಮೇಜಿನ ಮುಂದೆಯೇ ಪರಸ್ಪರ ಮುಖ ನೋಡಿಕೊಳ್ಳಬೇಡಿ. 'ಹತ್ತು ನಿಮಿಷ ಹೊರಗೆ ಹೋಗಿ ಬರ್ತೀವಿ' ಅನ್ನಿ.

ಬಾಯಿಮಾತಿನ ಭರವಸೆಗೆ ಬೆಲೆ ಇಲ್ಲ. ಸಭೆ ಮುಗಿದ ದಿನವೇ 'ಇವತ್ತು ಹೀಗೆ ಮಾತಾಯಿತು' ಅಂತ ಪತ್ರ ಬರೆದು ಕೊಟ್ಟು ಸ್ವೀಕೃತಿ ಸಹಿ ಪಡೆಯಿರಿ. 'ಕಂಪನಿಗೆ ಶಕ್ತಿ ಇಲ್ಲ' ಅಂದರೆ ವಾದ ಮಾಡಬೇಡಿ, ಲೆಕ್ಕಪತ್ರ ಕೇಳಿ. ಅದೇ ದಿನ ಸದಸ್ಯರಿಗೂ ವರದಿ ಹೋಗಬೇಕು. ನೀವು ಹೇಳದಿದ್ದರೆ ಮ್ಯಾನೇಜ್‌ಮೆಂಟ್ ತನ್ನ ರೀತಿಯಲ್ಲಿ ಹೇಳುತ್ತದೆ.

9. ಮುಷ್ಕರ ಬೇಕೇ ಆದರೆ

ನೋಟ್‌ಬುಕ್ಕಿನಲ್ಲಿ, ಪರೀಕ್ಷೆಗಳಲ್ಲಿ ಗೆದ್ದು ತೋರಿಸಿದ ದೊಡ್ಡ ಬಹುಮತ ಇಲ್ಲದೆ ಮುಷ್ಕರಕ್ಕೆ ಇಳಿಯಬೇಡಿ. ನನ್ನ ಅಂದಾಜು ನಾಲ್ಕರಲ್ಲಿ ಮೂರು ಪಾಲು. ಗುಪ್ತ ಮತದಾನ ಮಾಡಿಸಿ. ಕಾನೂನಿನ ನೋಟಿಸ್ ದಿನ ತಪ್ಪಬಾರದು. ಆಸ್ಪತ್ರೆ, ನೀರು, ವಿದ್ಯುತ್ ಥರದ ಕಡೆ ತುರ್ತು ಸೇವೆಗೆ ಯಾರು ಉಳಿಯುತ್ತಾರೆ ಅಂತ ಸಂಘವೇ ಮೊದಲು ಪ್ರಕಟಿಸಲಿ.

ಹಣದ ಲೆಕ್ಕವನ್ನೂ ಬಚ್ಚಿಡದೆ ಹೇಳಿ. ಪ್ರತಿಯೊಬ್ಬರೂ ತಿಂಗಳಿಗೆ ಕಾಲು ದಿನದ ಸಂಬಳ ನಿಧಿಗೆ ಹಾಕಿದರೆ ವರ್ಷಕ್ಕೆ ಮೂರು ದಿನದ ಸಂಬಳ ಆಗುತ್ತದೆ. ಅರ್ಧ ಸಂಬಳದಂತೆ ಕೊಟ್ಟರೂ ಆರು ದಿನ. ಲಂಡನ್ ಬಂದರಿನವರು ಸುಮಾರು ಐದು ವಾರ ನಿಂತಿದ್ದು ಆಸ್ಟ್ರೇಲಿಯಾದಿಂದ 30,000 ಪೌಂಡಿಗೂ ಜಾಸ್ತಿ ನೆರವು ಬಂದಿದ್ದರಿಂದ. ನಿಮಗೆ ಅಷ್ಟು ದೂರದ ಅಣ್ಣತಮ್ಮಂದಿರು ಸಿಗದಿದ್ದರೆ, ಒಂದು ದಿನದ ಮುಷ್ಕರ, ಓವರ್‌ಟೈಮ್ ನಿರಾಕರಣೆ, ನಿಯಮದ ಪ್ರಕಾರವೇ ಕೆಲಸ (ಬರೆದಿರುವುದಕ್ಕಿಂತ ಒಂದಿಷ್ಟೂ ಜಾಸ್ತಿ ಮಾಡದಿರುವುದು), ಇವೆಲ್ಲ ಕಡಿಮೆ ಖರ್ಚಿನ ದಾರಿಗಳು. ಇವುಗಳಲ್ಲಿ ಯಾವುದಕ್ಕೆ ಕಾನೂನಿನ ತಡೆ ಇದೆ ಅಂತ ಮೊದಲೇ ಕೇಳಿಕೊಳ್ಳಿ.

10. ಒಪ್ಪಂದ, ಮತ್ತು ಅದರ ಮರುದಿನ

ಸಹಿ ಮಾಡುವ ಮುಂಚೆ ಒಪ್ಪಂದದ ಪ್ರತಿ ಸಾಲನ್ನೂ ಸದಸ್ಯರ ಮುಂದೆ ಓದಿ ಮತ ಹಾಕಿಸಿ. ಯಾವ ದಿನದಿಂದ ಜಾರಿ, ಹಿಂದಿನ ಬಾಕಿ ಎಷ್ಟು ದಿನದಲ್ಲಿ ಬರುತ್ತದೆ, ಗುತ್ತಿಗೆಯವರಿಗೂ ಅನ್ವಯವಾ, ಹೋರಾಟದಲ್ಲಿ ಭಾಗವಹಿಸಿದವರ ಮೇಲಿನ ಕ್ರಮ ವಾಪಸ್ ಆಗುತ್ತದಾ, ಒಪ್ಪಂದದ ಅವಧಿ ಎಷ್ಟು. 'ಪರಿಶೀಲಿಸಲಾಗುವುದು', 'ಸಾಧ್ಯವಾದಷ್ಟು' ಅನ್ನುವ ಮಾತುಗಳ ಕೆಳಗೆ ಕೆಂಪು ಗೆರೆ ಎಳೆಯಿರಿ. ಅವು ಇರುವ ಕಡೆ ನಿಮಗೆ ಏನೂ ಸಿಕ್ಕಿಲ್ಲ.

ಲಂಡನ್ನಿನ ಡ್ಯಾಗನಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟಿನ ಹೊದಿಕೆ ಹೊಲಿಯುತ್ತಿದ್ದ 187 ಹೆಂಗಸರು 1968ರ ಜೂನ್‌ನಲ್ಲಿ ಮೂರು ವಾರ ಮುಷ್ಕರ ಮಾಡಿದರು. ಅವರ ಕೆಲಸವನ್ನು ಕಡಿಮೆ ಕೌಶಲದ ಕೆಲಸ ಅಂತ ಕೆಳಗಿನ ದರ್ಜೆಗೆ ಹಾಕಿದ್ದರು. ಗಂಡಸರ ದರದ ಶೇ 92 ಸಿಕ್ಕಿತು. ಅದರ ಬೆನ್ನಲ್ಲೇ ಬ್ರಿಟನ್ನಿನಲ್ಲಿ 1970ರ ಸಮಾನ ವೇತನ ಕಾಯ್ದೆ ಬಂತು. ಇಷ್ಟು ದೊಡ್ಡ ಗೆಲುವಾದರೂ ಅವರು ಮೊದಲು ಕೇಳಿದ್ದ ದರ್ಜೆ ಸಿಗಲಿಲ್ಲ. ಅದಕ್ಕಾಗಿ 1984ರಲ್ಲಿ ಮತ್ತೆ ಮುಷ್ಕರ ಮಾಡಬೇಕಾಯಿತು. ಹಾಗಾಗಿ ಸಿಗದೆ ಉಳಿದ ಬೇಡಿಕೆಗಳನ್ನು ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಬರೆದಿಡಿ.

ಒಪ್ಪಂದದ ನಂತರದ ಮೊದಲ ಸಂಬಳದ ದಿನ ಪ್ರತಿ ವಿಭಾಗದಿಂದ ಐದು ಚೀಟಿ ತರಿಸಿಕೊಳ್ಳಿ. ಹೊಸ ದರ ಬಂದಿದೆಯಾ, ಹಳೆಯ ಕಡಿತ ಹೊಸ ಹೆಸರಿನಲ್ಲಿ ಬಂದಿದೆಯಾ ನೋಡಿ. ನಮ್ಮಲ್ಲಿ ಒಮ್ಮೆ 'ದಂಡ' ಹೋಗಿ 'ಶಿಸ್ತು ಹೊಂದಾಣಿಕೆ' ಅಂತ ಬಂದಿತ್ತು. ಮೊತ್ತ ಮಾತ್ರ ಪೈಸೆಗೆ ಪೈಸೆ ಅದೇ.